ಹೌದು, ‘ಇನ್ನೂ’ ಕಾರ್ಟೂನ್ ನೋಡುತ್ತೇನೆ

ಪ್ರಶ್ನೆ ಹೀಗಿರುತ್ತದೆ: "ನೀನು ಇನ್ನೂ ಕಾರ್ಟೂನ್ ನೋಡ್ತೀಯಾ? ಅದೂ ಸ್ಕೂಲ್ ಹುಡುಗಿಯರು ಕುಣಿಯೋದು?"

ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಈ ಲಿಂಕ್ ಕಳಿಸುತ್ತೇನೆ. ಓದದಿದ್ದರೂ ಪರವಾಗಿಲ್ಲ, ಮತ್ತೆ ಕೇಳದಿದ್ದರೆ ಸಾಕು.

ಮೊದಲು ಆ ‘ಇನ್ನೂ’ ವಿಚಾರ ಮುಗಿಸೋಣ. ಚಿಕ್ಕಂದಿನಿಂದ ಹಿಡಿದ ಚಟ, ಈ ವಯಸ್ಸಿಗಾದರೂ ಬಿಡಬೇಕಿತ್ತು ಅನ್ನೋ ಹಾಗೆ ಕೇಳುತ್ತಾರೆ. ನನಗೀಗ 43. ನೀವು ಕೇಳುವ ಆ ಜಪಾನೀ ಕಾರ್ಟೂನ್, ‘ಲವ್ ಲೈವ್’, ನೋಡೋಕೆ ಶುರು ಮಾಡಿದ್ದು 35ಕ್ಕೆ. ಮಗಳಿಗೆ ಕಾಮಾಲೆ ಆಗಿ ಮೂರು ವಾರ ಮನೆಯಲ್ಲಿ ಮಲಗಿದ್ದಳು. ಅವಳಿಗೆ ಹೊತ್ತು ಹೋಗಲಿ ಅಂತ ಹುಡುಕಿ ಹಾಕಿದ್ದು. ಎರಡನೇ ಕಂತಿಗೆ ಅವಳಿಗೆ ಬೇಜಾರಾಯಿತು. ನನಗೆ ಆಗಲಿಲ್ಲ. ಈಗ ಅವಳ ಗೆಳತಿಯರು ಮನೆಗೆ ಬರುವ ದಿನ ನನ್ನ ಪೋಸ್ಟರ್ ತೆಗೆದು ಬೀರುವಿನ ಹಿಂದೆ ಇಡುತ್ತಾಳೆ. ಇರಲಿ.

ಚಿಕ್ಕಂದಿನಲ್ಲಿ ನೋಡಿದವರು ಬೇರೆ ಇದ್ದಾರೆ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೋಗ್ಲಿ ಬರುತ್ತಿತ್ತಲ್ಲ, ಅದನ್ನು ಮಾಡಿದ್ದು ಜಪಾನಿನ ನಿಪ್ಪಾನ್ ಆನಿಮೇಷನ್. ಅಂದರೆ ನನ್ನನ್ನು ಕೇಳುವ ಅಣ್ಣಂದಿರು, ಭಾವಂದಿರು ಎಲ್ಲ ನನಗಿಂತ ಎಷ್ಟೋ ಮೊದಲೇ ಜಪಾನೀ ಕಾರ್ಟೂನ್ ನೋಡಿದವರು. ನಮ್ಮ ಮನೆಯಲ್ಲಿ ಆಗ ಟೀವಿಯೇ ಇರಲಿಲ್ಲ.

ಈ ಪ್ರಶ್ನೆ ಅತಿ ಜಾಸ್ತಿ ಬಂದ ದಿನದ ಕಥೆ ಹೇಳುತ್ತೇನೆ. ಚಿಕ್ಕಪ್ಪನ ಮಗ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಸಂಜೆ ಸತ್ಯನಾರಾಯಣ ಪೂಜೆ, ಆಮೇಲೆ ಊಟ. ಜೂನ್ ತಿಂಗಳು, ಹೊರಗೆ ಒಂದೇ ಸಮ ಮಳೆ. ಮೊದಲ ಪಂಕ್ತಿ ಕೂತು ಅನ್ನಕ್ಕೆ ಹುಳಿ ಬೀಳುವ ಹೊತ್ತಿಗೆ ಕರೆಂಟ್ ಹೋಯಿತು. ಹೊಸ ಮನೆ, ಯುಪಿಎಸ್ ಇನ್ನೂ ಬಂದಿಲ್ಲ. ಬಡಿಸುವ ಹುಡುಗ ಬಕೆಟ್ ಹಿಡಿದು ನಿಂತಲ್ಲೇ ನಿಂತ. ಕೂತವರದ್ದೆಲ್ಲ ಎಂಜಲು ಕೈ, ಮೊಬೈಲ್ ಮುಟ್ಟುವ ಹಾಗಿಲ್ಲ. ನಾನು ಎರಡನೇ ಪಂಕ್ತಿಗೆ ಕಾಯುತ್ತಿದ್ದೆ. ನನ್ನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಬ್ಯಾಗಿನಲ್ಲಿ ಪೆನ್‌ಲೈಟ್ ಇತ್ತು.

ಪೆನ್‌ಲೈಟ್ ಅಂದರೆ ಗೇಣುದ್ದದ ಹಿಡಿ, ಅದರ ಮೇಲೆ ಅಷ್ಟೇ ಉದ್ದದ ಹಾಲು ಬಣ್ಣದ ಪ್ಲಾಸ್ಟಿಕ್ ಕೊಳವೆ, ಒಳಗೆ ಮೂರು ಸಣ್ಣ ಸೆಲ್ಲು. ಗುಂಡಿ ಒತ್ತಿದಂತೆ ಬಣ್ಣ ಬದಲಾಗುತ್ತದೆ. ಜಪಾನಿನಲ್ಲಿ ಹಾಡಿನ ಕಾರ್ಯಕ್ರಮಕ್ಕೆ ಹೋದವರು ಇದನ್ನು ಹಿಡಿದು ತಾಳಕ್ಕೆ ಸರಿಯಾಗಿ ಬೀಸುತ್ತಾರೆ. ಒಬ್ಬೊಬ್ಬ ಹುಡುಗಿಗೆ ಒಂದೊಂದು ಬಣ್ಣ. ನಾನು ಗಡಿಬಿಡಿಯಲ್ಲಿ ಒತ್ತಿದೆ. ಗುಲಾಬಿ ಬಂತು. ಮತ್ತೆ ಒತ್ತಿದೆ, ನೇರಳೆ. ಮತ್ತೆ ಒತ್ತಿದೆ, ಹಸಿರು. ಹಸಿರು ಬೆಳಕಿನಲ್ಲಿ ಹುಳಿ ನೋಡಿದ್ದೀರಾ? ನೋಡಬೇಡಿ. ಕೊನೆಗೆ ಕಿತ್ತಳೆಗೆ ತಂದು ನಿಲ್ಲಿಸಿದೆ. ಊಟ ಮುಂದುವರಿಯಿತು, ನಾನು ಪಂಕ್ತಿಯ ನಡುವೆ ದೀಪದ ಕಂಬದ ಹಾಗೆ ನಿಂತೆ. ಆಗ ಶುರುವಾಯಿತು ನೋಡಿ. "ಏನಮ್ಮ ಅದು?" "ಎಲ್ಲಿ ಸಿಗುತ್ತೆ?" "ಮಗಳದ್ದಾ?" ನನ್ನದು ಅಂದೆ. ತಪ್ಪು ಅದೇ. ಮಗಳದ್ದು ಅಂದಿದ್ದರೆ ಮುಗಿದುಹೋಗುತ್ತಿತ್ತು.

ಸರಿ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲವ್ ಲೈವ್ 2010ರಲ್ಲಿ ಶುರುವಾಗಿದ್ದು. ಒಂದು ಪತ್ರಿಕೆ, ಲಾಂಟಿಸ್ ಅನ್ನುವ ಹಾಡಿನ ಕಂಪನಿ, ಸನ್‌ರೈಸ್ ಅನ್ನುವ ಆನಿಮೇಷನ್ ಸ್ಟುಡಿಯೋ, ಮೂವರೂ ಸೇರಿ ಮಾಡಿದ್ದು. ಆಗ ಟೀವಿ ಸರಣಿಯೇ ಇಲ್ಲ. ಒಂಬತ್ತು ಹುಡುಗಿಯರ ಚಿತ್ರ, ಒಂದು ಹಾಡಿನ ಡಿಸ್ಕು, ಅಷ್ಟೇ. ಗುಂಪಿಗೆ ಏನು ಹೆಸರಿಡೋಣ ಅಂತ ಓದುಗರನ್ನೇ ಕೇಳಿದರು. ‘ಮ್ಯೂಸ್’ ಅಂತಾಯಿತು. ಗ್ರೀಕರ ಒಂಬತ್ತು ಕಲಾದೇವಿಯರಿದ್ದಾರಲ್ಲ, ಆ ಹೆಸರು. ಮೊದಲ ಡಿಸ್ಕು ಖರ್ಚಾಗಿದ್ದು 434 ಪ್ರತಿ ಅಂತ ಅಭಿಮಾನಿಗಳು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ಕಡೆ ಮದುವೆಗೆ ಅದಕ್ಕಿಂತ ಜಾಸ್ತಿ ಜನ ಬರುತ್ತಾರೆ. ಟೀವಿಗೆ ಬಂದಿದ್ದು 2013ರಲ್ಲಿ. 2015ರ ಕೊನೆಯ ರಾತ್ರಿ, ಇಡೀ ಜಪಾನು ಕೂತು ನೋಡುವ ‘ಕೋಹಾಕು’ ಹಾಡಿನ ಕಾರ್ಯಕ್ರಮದಲ್ಲಿ ಮ್ಯೂಸ್ ಹಾಡಿತು. 2016ರ ಮಾರ್ಚ್ 31, ಏಪ್ರಿಲ್ 1, ಎರಡು ದಿನ ಟೋಕಿಯೋ ಡೋಮಿನಲ್ಲಿ ಕೊನೆಯ ಕಾರ್ಯಕ್ರಮ. ಹಾಡಿ ಕುಣಿದವರು ಆ ಪಾತ್ರಗಳಿಗೆ ದನಿ ಕೊಟ್ಟ ಕಲಾವಿದೆಯರೇ.

ಈಗ ಕಥೆ. ಟೋಕಿಯೋದ ಅಕಿಹಾಬರ, ಕಾಂಡಾ ಆ ಕಡೆ ಒಟೊನೊಕಿಝಾಕ ಅಂತ ಒಂದು ಹೆಣ್ಣುಮಕ್ಕಳ ಹೈಸ್ಕೂಲು. ಮೂರನೇ ವರ್ಷಕ್ಕೆ ಮೂರು ಕ್ಲಾಸು, ಎರಡನೇ ವರ್ಷಕ್ಕೆ ಎರಡು, ಮೊದಲ ವರ್ಷಕ್ಕೆ ಒಂದೇ ಒಂದು. ಮುಂದಿನ ವರ್ಷದ ಲೆಕ್ಕ ನೀವೇ ಹಾಕಿ. ಸ್ಕೂಲು ಮುಚ್ಚುತ್ತೇವೆ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಹೊನೊಕ ಅಂತ ಒಬ್ಬ ಹುಡುಗಿ, ಸಿಹಿ ಅಂಗಡಿಯವರ ಮಗಳು, ಪಕ್ಕದ ದೊಡ್ಡ ಸ್ಕೂಲಿನ ಹುಡುಗಿಯರು ಹಾಡಿ ಕುಣಿದು ಹೆಸರು ಮಾಡಿದ್ದನ್ನು ನೋಡುತ್ತಾಳೆ. ನಾವೂ ಹಾಡೋಣ, ಹೆಸರು ಬಂದರೆ ಮಕ್ಕಳು ಸೇರುತ್ತಾರೆ, ಸ್ಕೂಲು ಉಳಿಯುತ್ತೆ ಅನ್ನುತ್ತಾಳೆ. ಪೆದ್ದು ಉಪಾಯ. ಆದರೆ ಬೇರೆ ಯಾರ ಹತ್ತಿರವೂ ಉಪಾಯವೇ ಇಲ್ಲ.

ಮೂರನೇ ಕಂತಿನ ಕೊನೆಯ ಐದಾರು ನಿಮಿಷ ಒಂದು ಸಲ ನೋಡಿ. ಆಮೇಲೆ ಬೇಕಾದರೆ ನನ್ನನ್ನು ನೋಡಿ ನಗಿ. ಆಗಿನ್ನೂ ಗುಂಪಿನಲ್ಲಿ ಮೂವರೇ. ಹೊನೊಕ, ಬಟ್ಟೆ ಹೊಲಿಯುವ ಕೊತೊರಿ, ಹಾಡು ಬರೆಯುವ ಊಮಿ. ಕಾಂಡಾ ಮ್ಯೋಜಿನ್ ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿದು ದಮ್ಮು ಕಟ್ಟುವುದನ್ನು ಕಲಿತಿದ್ದಾರೆ. ಬಾಗಿಲಲ್ಲಿ ನಿಂತು ಚೀಟಿ ಹಂಚಿದ್ದಾರೆ. ಊಮಿಗೆ ಗಿಡ್ಡ ಲಂಗ ಹಾಕಿಕೊಂಡು ನಿಲ್ಲೋಕೆ ನಾಚಿಕೆ. ಪರದೆಯ ಹಿಂದೆ ಮೂವರೂ ಕೈ ಕೈ ಹಿಡಿದು ನಿಂತಿದ್ದಾರೆ. ಪರದೆ ಸರಿಯುತ್ತದೆ. ಸಭಾಂಗಣ ಖಾಲಿ. ಒಂದು ಕುರ್ಚಿಯಲ್ಲೂ ಜನ ಇಲ್ಲ. ಹೊನೊಕ ಮೊದಲು ನಗೋಕೆ ನೋಡುತ್ತಾಳೆ, ಆಮೇಲೆ ಅವಳ ಕೆಳತುಟಿ ನಡುಗುತ್ತದೆ. ಅಷ್ಟರಲ್ಲಿ ಒಬ್ಬ ಕನ್ನಡಕದ ಹುಡುಗಿ ಏದುಸಿರು ಬಿಡುತ್ತಾ ಓಡಿ ಬರುತ್ತಾಳೆ. ಕಾರ್ಯಕ್ರಮ ಇಲ್ವಾ ಅಂತ ಅತ್ತಿತ್ತ ನೋಡುತ್ತಾಳೆ. ಆ ಒಬ್ಬಳಿಗಾಗಿ ಪೂರ್ತಿ ಹಾಡು ಹಾಡುತ್ತಾರೆ.

ಹಾಡು ಮುಗಿದ ಮೇಲೆ ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಬಂದು, ಈಗೇನು ಮಾಡ್ತೀರಿ ಅಂತ ಕೇಳುತ್ತಾಳೆ. ಹೊನೊಕ, ಮುಂದುವರಿಸುತ್ತೇವೆ ಅನ್ನುತ್ತಾಳೆ. ಒಮ್ಮೆ ನಾನು ಒಂದು ಸಂಘದ ಕವಿಗೋಷ್ಠಿಯಲ್ಲಿ, ಶಾಮಿಯಾನದವನೂ ಸೇರಿ ನಾಲ್ಕು ಜನರ ಎದುರು ಕವಿತೆ ಓದಿದ್ದೇನೆ. ಆ ಕಂತನ್ನು ಕಾರ್ಟೂನು ಅಂತ ತಳ್ಳಿಹಾಕೋಕೆ ನನ್ನಿಂದ ಆಗುವುದಿಲ್ಲ.

ನನ್ನ ಮೈದುನ ಸ್ವಲ್ಪ ಬುದ್ಧಿವಂತ. ಅವನ ಪ್ರಶ್ನೆ ಬೇರೆ: "ಇದೆಲ್ಲ ದುಡ್ಡು ಮಾಡೋ ಉಪಾಯ ಅಲ್ವಾ ಅತ್ತಿಗೆ?" ಹೌದಪ್ಪ, ಹೌದು. ಗೊಂಬೆ, ಬಿಲ್ಲೆ, ಕಾರ್ಡು, ಮೊಬೈಲ್ ಗೇಮು, ಎಲ್ಲ ಇದೆ. ಆ ಗೇಮಿನಲ್ಲಿ ಯಾವ ಕಾರ್ಡು ಬರುತ್ತೆ ಅನ್ನೋದು ಲಾಟರಿ, ದುಡ್ಡು ಹಾಕಿ ಎಳೆಯುತ್ತಾ ಕೂರಬೇಕು. 2013ರಲ್ಲಿ ಶುರುವಾಗಿ ಹತ್ತು ವರ್ಷ ನಡೆದು 2023ರಲ್ಲಿ ನಿಂತಿತು. ನಾನೂ ಎಳೆದಿದ್ದೇನೆ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಯಜಮಾನರು ಇದನ್ನು ಓದುತ್ತಾರೆ. ಇನ್ನು, ಹದಿನೈದು ಹದಿನಾರರ ಹುಡುಗಿಯರಲ್ಲಿ ನಡುವೆ ಯಾರು ನಿಲ್ಲಬೇಕು ಅಂತ ಓದುಗರಿಂದ ಓಟು ಹಾಕಿಸುವುದು, ಅದರಲ್ಲೂ ಶುರುವಿನ ಓದುಗರಲ್ಲಿ ಹೆಚ್ಚಿನವರು ಗಂಡಸರು ಅನ್ನುವುದು, ನನಗೂ ಸರಿ ಕಾಣುವುದಿಲ್ಲ. ಕೆಲವು ಚಿತ್ರ ನೋಡಿದಾಗ ಬೇಗ ಮುಂದಕ್ಕೆ ಹೋಗುತ್ತೇನೆ. ಇಷ್ಟಪಟ್ಟ ಮಾತ್ರಕ್ಕೆ ಎಲ್ಲದಕ್ಕೂ ಚಪ್ಪಾಳೆ ತಟ್ಟಬೇಕು ಅಂತ ಏನೂ ಇಲ್ಲವಲ್ಲ.

ಆದರೆ ಇಷ್ಟು ವರ್ಷದಲ್ಲಿ ಇಷ್ಟು ಜನ ಕೇಳಿದರಲ್ಲ, ಒಬ್ಬರಾದರೂ "ಆ ಸ್ಕೂಲು ಉಳೀತಾ?" ಅಂತ ಕೇಳಿಲ್ಲ. ಸ್ಕೂಲ್ ಹುಡುಗಿಯರು ಅಂದಾಗ ‘ಹುಡುಗಿಯರು’ ಮಾತ್ರ ಕಿವಿಗೆ ಬೀಳುತ್ತದೆ. ‘ಸ್ಕೂಲ್’ ಬೀಳುವುದಿಲ್ಲ.

ಒಟೊನೊಕಿಝಾಕ ಉಳಿಯಿತು. ಅದು ಸಿನಿಮಾ ಥರದ ಕಥೆ, ಬಿಡಿ. ನನ್ನನ್ನು ಹಿಡಿದು ಕೂರಿಸಿದ್ದು ಅದರ ತಂಗಿ, 2016ರಲ್ಲಿ ಟೀವಿಗೆ ಬಂದ ‘ಲವ್ ಲೈವ್ ಸನ್‌ಶೈನ್’. ಇದು ಟೋಕಿಯೋ ಅಲ್ಲ. ಶಿಝುವೊಕ ಪ್ರಾಂತ್ಯದ ನುಮಾಝು ಊರು, ಅದರಲ್ಲೂ ಊಚಿಉರ ಅಂತ ಸಮುದ್ರದ ಮಗ್ಗುಲಿನ ಹಳ್ಳಿ. ಮೀನು, ಕಿತ್ತಳೆ ತೋಟ, ಗುಡ್ಡದ ಮೇಲೊಂದು ಹೆಣ್ಣುಮಕ್ಕಳ ಸ್ಕೂಲು, ಉರನೊಹೊಶಿ. ಇಲ್ಲೂ ಒಂಬತ್ತು ಹುಡುಗಿಯರು, ‘ಅಕ್ವಾ’ ಅಂತ ಗುಂಪು. ಇವರ ಮೊದಲ ಕಾರ್ಯಕ್ರಮದಲ್ಲಿ ಹಾಡಿನ ನಡುವೆ ಗುಡುಗಿ ಕರೆಂಟ್ ಹೋಗುತ್ತದೆ. ಶಿವಮೊಗ್ಗದಲ್ಲಿ ನನ್ನ ಕೈ ಸೀದಾ ಬ್ಯಾಗಿಗೆ ಯಾಕೆ ಹೋಯಿತು ಅಂತ ಈಗ ಗೊತ್ತಾಯಿತಲ್ಲ. ಟೋಕಿಯೋಗೆ ಹೋಗಿ ಹಾಡಿದರೆ ಇವರಿಗೆ ಬಂದ ಓಟು ಸೊನ್ನೆ.

ಸ್ಕೂಲು ಉಳಿಯಬೇಕಾದರೆ ಮುಂದಿನ ವರ್ಷಕ್ಕೆ 100 ಅರ್ಜಿ ಬರಬೇಕು ಅಂತ ಷರತ್ತು. ಗಡುವು ಬೆಳಗಿನ ಜಾವ ಐದು ಗಂಟೆಯವರೆಗೆ. ಹುಡುಗಿಯರು ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತು ಅಂಕಿ ಏರುವುದನ್ನು ನೋಡುತ್ತಾರೆ. 98ಕ್ಕೆ ನಿಲ್ಲುತ್ತದೆ. ಹೊತ್ತು ಮುಗಿಯುತ್ತದೆ. ಅಷ್ಟೇ. ಯಾವ ಹೀರೋನೂ ಬರುವುದಿಲ್ಲ. ಸ್ಕೂಲನ್ನು ನುಮಾಝುವಿನ ದೊಡ್ಡ ಸ್ಕೂಲಿನ ಜೊತೆ ಸೇರಿಸುತ್ತಾರೆ. ಉಳಿದ ಮಕ್ಕಳು ಬಂದು, ನೀವು ಸ್ಕೂಲುಗಳ ಹಾಡಿನ ಸ್ಪರ್ಧೆ ಗೆದ್ದು ನಮ್ಮ ಸ್ಕೂಲಿನ ಹೆಸರಾದರೂ ಉಳಿಸಿ ಅನ್ನುತ್ತಾರೆ. ಗೆಲ್ಲುತ್ತಾರೆ ಕೂಡ. ಗೆದ್ದ ಮೇಲೂ ಸ್ಕೂಲು ಮುಚ್ಚುತ್ತದೆ. ಗೇಟನ್ನು ಮಕ್ಕಳೇ ಎಳೆದು ಹಾಕುತ್ತಾರೆ.

2019ರಲ್ಲಿ ಆಫೀಸಿನ ಕೆಲಸಕ್ಕೆ ಹತ್ತು ದಿನ ಟೋಕಿಯೋಗೆ ಹೋಗಿದ್ದೆ. ಸಿಕ್ಕ ಒಂದೇ ಭಾನುವಾರ ಎಲ್ಲರೂ ಅಂಗಡಿ ಸುತ್ತೋಕೆ ಹೋದರು, ನಾನು ಮಿಶಿಮವರೆಗೆ ಬುಲೆಟ್ ರೈಲು ಹಿಡಿದು ನುಮಾಝುಗೆ ಹೋದೆ. ಅಲ್ಲಿ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಈ ಹುಡುಗಿಯರ ಬಣ್ಣದ ಚಿತ್ರ. ಚರಂಡಿ ಮುಚ್ಚಳದ ಮುಂದೆ ಮೊಣಕಾಲೂರಿ ಫೋಟೋ ತೆಗೆದ ಮೊದಲ ಕನ್ನಡತಿ ನಾನೇ ಇರಬೇಕು. ಊಚಿಉರಕ್ಕೆ ಹೋಗುವ ಬಸ್ಸಿನ ಮೈಮೇಲೂ ಅವರೇ. ಒಳಗೆ ಮಾತ್ರ ನಾನು, ಇಬ್ಬರು ಅಭಿಮಾನಿ ಹುಡುಗರು, ಉಳಿದವರೆಲ್ಲ ಕೈಚೀಲ ಹಿಡಿದ ಅಜ್ಜಿಯರು. ಅಲ್ಲಿಂದ ಸಮುದ್ರದಾಚೆ ಫುಜಿ ಬೆಟ್ಟ ಕಾಣುತ್ತದೆ. ನನಗೆ ಮೋಡ ಕಂಡಿತು. ಕಥೆಯ ಸ್ಕೂಲಿಗೆ ಮಾದರಿಯಾದ ಕಟ್ಟಡ ಗುಡ್ಡದ ಮೇಲಿದೆ, ನಿಜವಾದ ಮಕ್ಕಳು ಓದುವ ಸ್ಕೂಲು. ಅಲ್ಲಿಗೆ ಹೋಗಿ ಇಣುಕುವುದು ತಪ್ಪು ಅನ್ನಿಸಿ ಕೆಳಗೇ ಒಂದು ಕಿತ್ತಳೆ ಸುಲಿದು ತಿಂದು ವಾಪಸ್ ಬಂದೆ. ಪೆನ್‌ಲೈಟ್ ತಂದಿದ್ದು ಆ ಸಲವೇ. ಕಿತ್ತಳೆ ಬಣ್ಣ ಅಕ್ವಾದ ನಾಯಕಿ ಚಿಕಾಳದ್ದು.

ನಾನು ಓದಿದ್ದು ಹೊಸನಗರ ಕಡೆಯ ಒಂದು ಸರ್ಕಾರಿ ಸ್ಕೂಲಿನಲ್ಲಿ. ಗಂಟೆಗೆ ಬದಲು ರೈಲು ಕಂಬಿಯ ತುಂಡು ನೇತುಹಾಕಿದ್ದರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಟ್ಟು ಅರವತ್ತರ ಮೇಲೆ ಮಕ್ಕಳಿದ್ದೆವು. ಕೊನೆಗೆ ಉಳಿದಿದ್ದು ಆರು. ಮುಚ್ಚಿದರು ಅನ್ನುವ ಹಾಗಿಲ್ಲ, ಕಾಗದದಲ್ಲಿ ‘ವಿಲೀನ’ ಅಂತ ಇದೆ. ಕಂಬಿ ಯಾರೋ ಬಿಚ್ಚಿಕೊಂಡು ಹೋದರು.

ಅಲ್ಲಿ ನಮಗೆ ಪಾಠ ಹೇಳಿದವರು ನಮ್ಮ ದೊಡ್ಡಮ್ಮನೇ. ಗೃಹಪ್ರವೇಶದ ದಿನ ಮೊದಲ ಪಂಕ್ತಿಯ ತುದಿಯಲ್ಲಿ ಅವರೂ ಕೂತಿದ್ದರು. ವಯಸ್ಸು ಎಂಬತ್ತರ ಹತ್ತಿರ. ಉಳಿದವರೆಲ್ಲ ಕಾರ್ಟೂನು, ಕಾರ್ಟೂನು ಅಂತ ನಗುತ್ತಿದ್ದರೆ ಇವರು ಕೈ ತಡೆದು, "ಅದೇನು ಕಥೆ, ಸರಿಯಾಗಿ ಹೇಳೇ" ಅಂದರು. ದೀಪ ಹಿಡಿದುಕೊಂಡೇ ಹೇಳಿದೆ.

"ಎಷ್ಟು ಮಕ್ಕಳು ಬೇಕಿತ್ತಂತೆ?"

"ನೂರು, ದೊಡ್ಡಮ್ಮ."

"ಎಷ್ಟಾಯ್ತು?"

"ತೊಂಬತ್ತೆಂಟು."

ದೊಡ್ಡಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದರು. "ಎರಡು ಮಕ್ಕಳಿಗೋಸ್ಕರ ಮುಚ್ಚಿಬಿಟ್ರಾ? ನಾನಾಗಿದ್ರೆ ಅಂಗನವಾಡಿಯಿಂದ ಇಬ್ಬರನ್ನ ಎತ್ಕೊಂಡು ಬಂದು ಹಾಜರಿ ಪುಸ್ತಕಕ್ಕೆ ಹೆಸರು ಹತ್ತಿಸ್ತಿದ್ದೆ. ಎಷ್ಟು ಸಲ ಹತ್ತಿಸಿಲ್ಲ!"

"ಅದು ಹೈಸ್ಕೂಲು, ದೊಡ್ಡಮ್ಮ."

"ಆದ್ರೇನು? ಅಲ್ಲಿ ಹೆಡ್ಡು ಯಾರು?"

ಆ ಸ್ಕೂಲಿನ ಆಡಳಿತ ನೋಡಿಕೊಳ್ಳುವುದು ಅದೇ ಸ್ಕೂಲಿನ ಮೂರನೇ ವರ್ಷದ ಹುಡುಗಿ, ಮರಿ ಅಂತ, ಅವರಪ್ಪ ದುಡ್ಡು ಕೊಟ್ಟವರು ಅಂದೆ.

"ಅದಕ್ಕೇ ಮತ್ತೆ," ಅಂದರು ದೊಡ್ಡಮ್ಮ. ಆಮೇಲೆ ಬಡಿಸುವ ಹುಡುಗನನ್ನು ಕರೆದು ಮಜ್ಜಿಗೆ ಹಾಕಿಸಿಕೊಂಡರು. ಎಲೆ ಕಾಣುವ ಹಾಗೆ ನಾನು ದೀಪವನ್ನು ಸ್ವಲ್ಪ ಕೆಳಗೆ ಹಿಡಿದೆ.