ಮೇಲೆ ಬಂಗಾರ, ತಳದಲ್ಲಿ ಬೂಷ್ಟು: ಫೀಡರ್ ರೂಟಿನ ಒಂದು ದಿನ

ಚೀಲಕ್ಕೆ ಇಷ್ಟು ಅಂತ ಕೂಲಿ ಕಟ್ಟುವ ಪದ್ಧತಿ ಜಿಂಕೆ ಫೀಡರ್ (ಡ್ರಮ್ಮಿನಲ್ಲಿ ತುಂಬಿದ ಮೆಕ್ಕೆಜೋಳದ ಕಾಳನ್ನು ಹೊತ್ತಿಗೆ ಸರಿಯಾಗಿ ಜಿಂಕೆಗಳಿಗೆ ಎರಚುವ ಯಂತ್ರ) ನೋಡಿಕೊಳ್ಳುವ ಕೆಲಸಕ್ಕೆ ಒಗ್ಗುವುದೇ ಇಲ್ಲ. ಆಗಿನ ನಮ್ಮ ಮ್ಯಾನೇಜರ್‌ಗೆ ಇದನ್ನು ಬಾಯಿಬಿಟ್ಟು ಹೇಳಿದ್ದೆ, ಬರೆದೂ ಕೊಟ್ಟಿದ್ದೆ. 2018ರ ಅಕ್ಟೋಬರ್ ಕೊನೆಯ ವಾರ ಟೆಕ್ಸಸ್ ರಾಜ್ಯದ ಲ್ಯಾನೋ ಕೌಂಟಿಯಲ್ಲಿ, ಬೇಟೆಗೆಂದು ಲೀಸಿಗೆ ಹಿಡಿದ ಒಂದು ಜಮೀನಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೆಂಡತಿಯ ನೌಕರಿ ಮೇಲೆ ನಾವು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋಗೆ ಬಂದವರು. ವರ್ಕ್ ಪರ್ಮಿಟ್ ಕೈಗೆ ಬಂದ ಮೇಲೆ, ಧಾರವಾಡದಲ್ಲಿ ಓದಿದ ಬಿಎಸ್‌ಸಿ ಅಗ್ರಿಗೆ ಹತ್ತಿರದ ಕೆಲಸ ಯಾವುದಾದರೂ ಇದೆಯಾ ಅಂತ ಹುಡುಕಿ ಒಂದು ರ‍್ಯಾಂಚ್ ಸರ್ವೀಸ್ ಕಂಪನಿ ಸೇರಿದೆ. ಈ ರಾಜ್ಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೆಲ ಖಾಸಗಿಯವರ ಕೈಲಿದೆ. ಹಾಗಾಗಿ ಬೇಟೆ ಬೇಕೆಂದವರು ಜಮೀನಿನ ಒಡೆಯನಿಗೆ ವರ್ಷಕ್ಕಿಷ್ಟು ಕೊಟ್ಟು ಲೀಸ್ ಹಿಡಿಯುತ್ತಾರೆ. ಹಿಡಿಯುವವರೆಲ್ಲ ಹ್ಯೂಸ್ಟನ್, ಡಲ್ಲಾಸ್ ಕಡೆಯ ಪ್ಲಂಬರ್‌ಗಳು, ಮೇಷ್ಟ್ರುಗಳು, ಹಲ್ಲಿನ ಡಾಕ್ಟರ್‌ಗಳು. ಲೀಸ್ ಇರುವುದು ಗಂಟೆಗಟ್ಟಲೆ ದೂರದ ಹಿಲ್ ಕಂಟ್ರಿಯಲ್ಲಿ. ಅವರು ಬಾರದ ವಾರಗಳಲ್ಲಿ ಫೀಡರ್ ತುಂಬಿಸಿ, ಅದು ನಡೆಯುವಂತೆ ನೋಡಿಕೊಳ್ಳಲು ನಮ್ಮಂಥವರಿಗೆ ದುಡ್ಡು ಕೊಡುತ್ತಾರೆ.

ಊರಲ್ಲಿ ಕೆಲವರು ಕೇಳಿದ್ದಾರೆ, ಬೇಟೆಗೆ ನೆರವಾಗೋ ಕೆಲಸ ಮಾಡ್ತೀಯಲ್ಲ, ಮನಸ್ಸು ಒಪ್ಪುತ್ತಾ ಅಂತ. ಒಪ್ಪುತ್ತದೆ. ಇಲ್ಲಿನ ಬಿಳಿಬಾಲದ ಜಿಂಕೆಗಳನ್ನು ತಿನ್ನುವ ತೋಳಗಳನ್ನು ಮನುಷ್ಯರು ಎಂದೋ ಮುಗಿಸಿಬಿಟ್ಟಿದ್ದಾರೆ. ಸಂಖ್ಯೆ ಮಿತಿ ಮೀರಿದರೆ ಓಕ್ ಸಸಿಯೊಂದೂ ಮೇಲೇಳುವುದಿಲ್ಲ. ಹೊಡೆದವರು ಮಾಂಸ ತಿನ್ನುತ್ತಾರೆ, ಹಂಚುತ್ತಾರೆ. ನನ್ನ ಮನಸ್ಸು ಒಪ್ಪದಿರುವುದು ಆ ಪ್ರಾಣಿಗಳ ಬಾಯಿಗೆ ಕೆಟ್ಟ ಕಾಳು ಹಾಕುವುದನ್ನು.

ರೂಟ್ ಅಂದರೆ ಹೀಗೆ. ಬೆಳಗಿನ ಜಾವ ಫೀಡ್ ಸ್ಟೋರಿನಲ್ಲಿ ಪ್ಯಾಲೆಟ್ ಏರಿಸು, 50 ಪೌಂಡಿನ ಚೀಲಗಳು. ಗೇಟ್ ಕೋಡ್, ದನ ದಾಟದಂತೆ ನೆಲಕ್ಕೆ ಹಾಸಿದ ಕಂಬಿಗಳ ಕ್ಯಾಟಲ್ ಗಾರ್ಡ್, ಕಲೀಚಿ ಎಂಬ ಸುಣ್ಣಮಣ್ಣಿನ ರಸ್ತೆಯ ಬಿಳಿ ಧೂಳು, ಮತ್ತೊಂದು ಗೇಟ್. ಕಾಡುಹಂದಿ ನುಗ್ಗದಂತೆ ಸುತ್ತ ಕಟ್ಟಿದ ಹಾಗ್ ಪ್ಯಾನೆಲ್ ದಾಟಿ ಒಳಗೆ ಹೋದರೆ ಮೂರು ಕಾಲಿನ ಮೇಲೆ 55 ಗ್ಯಾಲನ್ ಡ್ರಮ್. ಖಾಲಿ ಇದ್ದರೆ ಆರೇಳು ಚೀಲ ಹಿಡಿಯುತ್ತದೆ. ಏಣಿ ಹತ್ತು, ಸುರಿ, ಮುಚ್ಚು. ಆಮೇಲೆ ಟೈಮರ್ ಬಾಕ್ಸ್, ಬ್ಯಾಟರಿ ವೋಲ್ಟೇಜ್, ಸೋಲಾರ್ ಪ್ಯಾನೆಲ್ ಒರೆಸು, ಕಾಳು ಎರಚುವ ಸ್ಪಿನ್ನರ್ ತಿರುಗುತ್ತಾ ನೋಡು, ಟೆಸ್ಟ್ ಬಟನ್ ಒತ್ತಿ ಹಿಂದೆ ಸರಿ.

ಚೀಲ ಸುರಿಯಲು ಹೆಚ್ಚು ಹೊತ್ತು ಬೇಡ. ಹೊತ್ತು ತಿನ್ನುವುದು ಆಮೇಲಿನದು. ಟೈಮರ್ ಬಾಕ್ಸ್ ತೆಗೆದರೆ ಫೈರ್ ಇರುವೆಗಳು ಬ್ಯಾಟರಿ ಟರ್ಮಿನಲ್ ಸುತ್ತ ಮಣ್ಣು ಮೆತ್ತಿ, ಬಿಳಿ ಮೊಟ್ಟೆಗಳ ಸಮೇತ ಸಂಸಾರ ಹೂಡಿರುತ್ತವೆ. ಅವನ್ನು ಬ್ರಶ್‌ನಿಂದ ಕೆರೆದು ತೆಗೆದು, ತುಕ್ಕು ಉಜ್ಜಿ, ವೈರ್ ತುದಿ ಹೊಸದಾಗಿ ಸುಲಿದು ಕೂಡಿಸಬೇಕು. ಸ್ಪಿನ್ನರ್ ಸುತ್ತಲಿನ ರಕ್ಷಣೆಯ ಪಂಜರ, ವಾರ್ಮಿಂಟ್ ಗಾರ್ಡ್, ಬಾಗಿದ್ದರೆ ರ‍್ಯಾಕೂನ್ ಕೆಳಗಿನಿಂದ ಕೈ ತೂರಿಸಿ ಸ್ಪಿನ್ನರನ್ನು ತಾನೇ ತಿರುಗಿಸುತ್ತದೆ. ರಾತ್ರಿ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಒಂದು ಮೇಲೆ ನೇತಾಡಿಕೊಂಡು ತಿರುಗಿಸುತ್ತಿದ್ದರೆ ಉಳಿದವು ಕೆಳಗೆ ಕೂತು ತಿನ್ನುತ್ತಿರುತ್ತವೆ. ಹದಿನೈದು ದಿನಕ್ಕೆ ಆಗಬೇಕಾದ ಕಾಳು ನಾಲ್ಕು ರಾತ್ರಿಗೆ ಮುಗಿದರೆ, ಕೆಲಸದವನು ತುಂಬಿಸಲೇ ಇಲ್ಲ ಅಂತ ದೂರು ಬರುತ್ತದೆ.

ಈ ಯಾವುದಕ್ಕೂ ಕಂಪನಿಯ ಆ್ಯಪ್‌ನಲ್ಲಿ ಜಾಗ ಇರಲಿಲ್ಲ. ಎಷ್ಟು ಚೀಲ ಸುರಿದೆ, ಡ್ರಮ್ ಬಾಯಿಯ ಒಂದು ಫೋಟೋ, 'ಫಿಲ್ ಕಂಪ್ಲೀಟ್' ಬಟನ್, ಅಷ್ಟೇ. ಕೂಲಿ ಚೀಲದ ಲೆಕ್ಕದಲ್ಲಿ. ಒಂದು ಬಾಕ್ಸ್ ರಿಪೇರಿಗೆ ಮುಕ್ಕಾಲು ಗಂಟೆ ಕೂತರೆ ಆ ಮುಕ್ಕಾಲು ಗಂಟೆ ನನ್ನ ಜೇಬಿನಿಂದ. ಬೇಗ ಸುರಿದು ಬೇಗ ಓಡುವವನಿಗೆ ಹೆಚ್ಚು ಸಂಬಳ, ನಿಂತು ನೋಡುವವನಿಗೆ ಕಡಿಮೆ. ಈ ಲೆಕ್ಕ ಹಾಕಿದವರು ಒಮ್ಮೆಯೂ ರೂಟ್ ಹೊಡೆದಿರಲಿಲ್ಲ.

ಆ ವರ್ಷ ಸೆಪ್ಟೆಂಬರ್‌ನಿಂದಲೇ ಮಳೆ ಹಿಡಿದಿತ್ತು. ಅಕ್ಟೋಬರ್ 16ರಂದು ಲ್ಯಾನೋ ನದಿ ಸುಮಾರು 40 ಅಡಿ ಏರಿ, ಕಿಂಗ್ಸ್‌ಲ್ಯಾಂಡಿನ ಸೇತುವೆಯನ್ನೇ ಕೆಡವಿಕೊಂಡು ಹೋಯಿತು. ತಗ್ಗಿನ ರಸ್ತೆಗಳಲ್ಲಿ ನೀರು ಇಳಿಯುವ ತನಕ ರೂಟ್ ಬಂದ್. ಜಿಂಕೆ ಬೇಟೆಯ ಜನರಲ್ ಸೀಸನ್ ಶುರುವಾಗುವುದು ನವೆಂಬರ್‌ನ ಮೊದಲ ಶನಿವಾರ, ಆ ವರ್ಷ 3ನೇ ತಾರೀಕು. ಓಪನರ್‌ಗೆ ಉಳಿದಿದ್ದು ಕೆಲವೇ ದಿನ, ಹಿಂದೆ ಬಿದ್ದ ರೂಟೋ ಉದ್ದಕ್ಕಿತ್ತು. ಜೋಡಿಯಲ್ಲಿ ಹೋಗುತ್ತಿದ್ದವರನ್ನು ಬೇರೆ ಬೇರೆ ಮಾಡಿ ಕಳಿಸಿದರು. ನಾನೊಬ್ಬನೇ, ಸ್ವಂತ ಟ್ರಕ್ಕಿನಲ್ಲಿ. ಟ್ರಕ್ಕಿಗೆ ಅಂಟಿಸಲು ಕಂಪನಿಯ ಬೋರ್ಡ್ ಕೊಡಿ ಅಂತ ನಾವೆಲ್ಲ ಎಷ್ಟೋ ಸಲ ಕೇಳಿದ್ದೆವು, ಕೊಟ್ಟಿರಲಿಲ್ಲ.

ಆ ಲೀಸಿನ ಮೊದಲ ಫೀಡರಿನ ಮುಚ್ಚಳ ತೆಗೆದಾಗ ಕಾಳು ಬಂಗಾರದ ಬಣ್ಣಕ್ಕೆ ಹೊಳೆಯುತ್ತಿತ್ತು. ಡ್ರಮ್ ಮುಕ್ಕಾಲು ತುಂಬಿತ್ತು. ಹದಿನೈದು ದಿನ ಯಾರೂ ಬಾರದ ಡ್ರಮ್ಮಿನಲ್ಲಿ ಕಾಳು ಇಳಿದಿರಲೇ ಇಲ್ಲ. ಕೆಳಗಿಳಿದು ಟೆಸ್ಟ್ ಒತ್ತಿದೆ. ಮೋಟರ್ ಗುಂಯ್ ಅಂತ ತಿರುಗಿತು, ಒಂದು ಕಾಳೂ ಬೀಳಲಿಲ್ಲ. ಪೈಪ್ ತಗೊಂಡು ಮೇಲಿನಿಂದ ಚುಚ್ಚಿದರೆ ಒಂದೂವರೆ ಅಡಿಗೆ ಟಕ್ ಅಂತ ನಿಂತಿತು. ಡ್ರಮ್ ತಳದ ಫನಲ್ ಬಿಚ್ಚಿದೆ. ಕಾಳೆಲ್ಲ ಒಂದಕ್ಕೊಂದು ಅಂಟಿ ಗಟ್ಟಿ ಹೆಂಟೆಯಾಗಿತ್ತು, ನಡುವೆ ಹಳದಿ ಬೆರೆತ ಹಸಿರು ಪುಡಿ. ಕೈ ಇಟ್ಟರೆ ಒಳಗಿನಿಂದ ಬೆಚ್ಚಗಿತ್ತು. ಹುಳಿ ವಾಸನೆ. ಮುಚ್ಚಳದ ಕ್ಲ್ಯಾಂಪ್ ರಿಂಗ್ ಒಂದು ಪಕ್ಕ ಎದ್ದು, ಮಳೆ ನೀರು ಗೋಡೆಗುಂಟ ಇಳಿದು ತಳದಲ್ಲಿ ನಿಂತಿತ್ತು.

ಸಿಗ್ನಲ್ ಸಿಗುವ ದಿಬ್ಬ ಹತ್ತಿ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಉತ್ತರ ಯೋಚನೆಯೇ ಇಲ್ಲದೆ ಬಂತು: "ಪೈಪಿನಿಂದ ಒಡೆದು ಉದುರಿಸು. ಮೇಲೆ ಎರಡು ಚೀಲ ಸುರಿ, ಫೋಟೋ ಹಾಕು, ಮುಂದಿನದಕ್ಕೆ ಹೋಗು. ಶನಿವಾರ ಓಪನರ್."

ಆಗಲ್ಲ ಅಂದೆ. ಆ ಹಸಿರು ಪುಡಿ ಏನಿರಬಹುದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಚಳ್ಳಕೆರೆ ಕಡೆ ಶೇಂಗಾ ಬೆಳೆಯುವ ಮನೆ ನಮ್ಮದು. ರಾಶಿ ನೆನೆದು ಬೂಷ್ಟು ಹಿಡಿದರೆ ಅಪ್ಪ ಅದನ್ನು ದನಕ್ಕೂ ಹಾಕಗೊಡುತ್ತಿರಲಿಲ್ಲ. ಅದರ ಹಿಂದಿನ ಕಾರಣ ಕಾಲೇಜಿನಲ್ಲಿ ತಿಳಿಯಿತು: ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ, ಅದು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕಿದಾಗ ಸಿಕ್ಕಿದ್ದು ಮೇವಿಗೆ ಬೆರೆಸಿದ ಶೇಂಗಾ ಹಿಂಡಿಯಲ್ಲಿದ್ದ ಇದೇ ವಿಷ. 1974ರಲ್ಲಿ ರಾಜಸ್ಥಾನ-ಗುಜರಾತ್ ಗಡಿಯ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು 106 ಜನ ತೀರಿಕೊಂಡರು. ಅವರಿಗೆ ತಿನ್ನಲು ಬೇರೆ ಇರಲಿಲ್ಲ. ಮನುಷ್ಯರ ಆಹಾರದಲ್ಲಿ ಅಮೆರಿಕ ಇದಕ್ಕೆ ಇಟ್ಟಿರುವ ಮಿತಿ ನೂರು ಕೋಟಿಗೆ 20 ಪಾಲು ಮಾತ್ರ. ಬೂಷ್ಟು ಕಂಡಲ್ಲೆಲ್ಲ ವಿಷ ಇರಲೇಬೇಕೆಂದಿಲ್ಲ, ಕಾಣದ ಕಾಳಿನಲ್ಲಿ ಇರಲೂಬಹುದು. ಪರೀಕ್ಷೆ ಮಾಡದೆ ಹೇಳಲಾಗದು. ಹೇಳಲಾಗದ್ದನ್ನು ಬಾಯಿಗೆ ಹಾಕಬಾರದು.

ಅದೂ ಫೀಡರ್ ಕೆಳಗೆ ತಿನ್ನುವುದು ಜಿಂಕೆ ಒಂದೇ ಅಲ್ಲ. ಮೆಲುಕು ಹಾಕುವ ಪ್ರಾಣಿ ಒಂದಿಷ್ಟು ತಡೆದುಕೊಂಡೀತು. ಕಾಡು ಟರ್ಕಿ, ಕ್ವೇಲ್ ಹಕ್ಕಿಗಳಿಗೆ ಇದು ಬಲು ಕೆಟ್ಟದ್ದು. ಆ ಲೀಸಿನಲ್ಲಿ ನಮ್ಮ ಚುಕ್ಕಿ ಜಿಂಕೆಗಳೂ ಇದ್ದವು. 1932ರ ಸುಮಾರಿಗೆ ಭಾರತ ಮೂಲದ ಆ್ಯಕ್ಸಿಸ್ ಅಂತ ಇಲ್ಲಿಗೆ ತಂದು ಬಿಟ್ಟವುಗಳ ಸಂತತಿ. ಓಕ್ ಮರದ ನೆರಳಲ್ಲಿ ಬಂಡೀಪುರದ ಹಿಂಡು ನಿಂತಂತೆ ಕಾಣುತ್ತವೆ. ಅಮ್ಮನಿಗೆ ಫೋಟೋ ಕಳಿಸಿದರೆ ಮೊದಲಿಗೆ ನಂಬಿರಲಿಲ್ಲ.

ಒಡೆದು ನೆಲಕ್ಕೆ ಉದುರಿಸಿದರೆ ಅವೇ ತಿನ್ನುತ್ತವೆ. ಆದ್ದರಿಂದ ಮಾಸ್ಕ್ ಹಾಕಿ, ಡ್ರಮ್ ಇಳಿಸಿ, ಕೆರೆದು, ಖಾಲಿ ಚೀಲಗಳಿಗೆ ತುಂಬಿ ಟ್ರಕ್ಕಿಗೆ ಎಸೆಯತೊಡಗಿದೆ. ಅರ್ಧ ಮುಗಿದಿತ್ತು, ಸೆಂಡೆರೊ, ಅಂದರೆ ಪೊದೆ ಕಡಿದು ಮಾಡಿದ ನೇರ ದಾರಿ, ಅದರ ತುದಿಯಿಂದ ಯುಟಿವಿ ಎಂಬ ಕಾಡುದಾರಿಯ ಪುಟ್ಟ ಗಾಡಿಯ ಸದ್ದು ಕೇಳಿಸಿತು.

ಅದರಲ್ಲಿದ್ದವರು ಲೀಸ್ ಕ್ಯಾಪ್ಟನ್, ಲೀಸ್ ಹಿಡಿದವರ ಮುಖಂಡರು. ಬೇಟೆಗೆ ಮರೆಯಾಗಿ ಕೂರುವ ಬ್ಲೈಂಡ್ ಗುಡಿಸಿ, ರೈಫಲಿನ ಗುರಿ ಸರಿಮಾಡಿಕೊಳ್ಳಲು ಮೊದಲೇ ಬಂದಿದ್ದರು. ಅವರಿಗೆ ಕಂಡದ್ದೇನು? ಹೆಸರಿಲ್ಲದ ಟ್ರಕ್, ಮುಖಕ್ಕೆ ಮಾಸ್ಕ್ ಹಾಕಿದ ಗುರುತಿಲ್ಲದ ಮನುಷ್ಯ, ನೆಲಕ್ಕುರುಳಿದ ತಮ್ಮ ಫೀಡರ್, ತಮ್ಮ ಕಾಳು ಚೀಲ ಚೀಲವಾಗಿ ಆ ಟ್ರಕ್ಕಿಗೆ ಹೋಗುತ್ತಿರುವುದು. ಸ್ವಲ್ಪ ದೂರದಲ್ಲೇ ಯುಟಿವಿ ನಿಲ್ಲಿಸಿ ಇಳಿದರು. ರೈಫಲ್ ಕೈಯಲ್ಲಿತ್ತು, ನಳಿಗೆ ನೆಲದ ಕಡೆಗೆ. "ಕೈ ನನಗೆ ಕಾಣೋ ಹಾಗೆ ಇಟ್ಕೋ" ಅಂದರು.

ಸಲಿಕೆ ಕೆಳಗೆ ಬಿಟ್ಟು ಕೈ ಎತ್ತಿ ನಿಂತೆ. ಮಾಸ್ಕ್ ತೆಗೆಯಬೇಕು, ಆದರೆ ಕೈ ಅಲುಗಿಸಲು ಭಯ. ಫೋನ್ ಟ್ರಕ್ಕಿನ ಸೀಟಿನ ಮೇಲೆ. ಬಾಗಿಲೊಳಗೆ ಕೈ ಹಾಕಿದರೆ ಆ ಕೈ ಅವರಿಗೆ ಕಾಣುವುದಿಲ್ಲ. ಕಂಪನಿ ಹೆಸರು ಹೇಳಿದೆ. "ಅವರು ಕಾಳು ಹಾಕೋಕೆ ಬರ್ತಾರೆ, ತೆಗೆಯೋಕಲ್ಲ" ಅಂದರು. ಗೇಟ್ ಕೋಡ್ ಹೇಳಿದೆ. ಹೋದ ವರ್ಷ ಲೀಸ್ ಬಿಟ್ಟುಹೋದವರಿಗೂ ಅದು ಗೊತ್ತು ಅಂದರು. ಅವರ ದನಿ ಏರಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. ನನ್ನ ಬೆವರು ಕಣ್ಣಿಗಿಳಿದು ಉರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಮನೆಯಲ್ಲಿ ಮಗಳಿಗೆ ಆಗ ಎರಡು ವರ್ಷ. ಅವಳ ಮುಖ ಬಂತು ಕಣ್ಣ ಮುಂದೆ.

ಕೊನೆಗೆ ಒಂದೊಂದೇ ಮಾತು ನಿಧಾನಕ್ಕೆ ಆಡಿದೆ: "ಇದು ನಿಮ್ಮದೇ ಕಾಳು, ಸರ್. ಕೆಟ್ಟಿದೆ. ನಾನು ಐದು ಹೆಜ್ಜೆ ಹಿಂದೆ ಹೋಗ್ತೀನಿ. ನೀವೇ ಬಂದು ಡ್ರಮ್ ಒಳಗೆ ನೋಡಿ." ಹಿಂದಕ್ಕೆ ನಡೆದೆ. ಅವರು ಬಂದರು, ಬಗ್ಗಿದರು, ಒಂದು ಹೆಂಟೆ ಮುರಿದು ಮೂಗಿನ ಹತ್ತಿರ ತಂದು ತಟ್ಟನೆ ಎಸೆದರು. ರೈಫಲ್ ಒಯ್ದು ಯುಟಿವಿಯಲ್ಲಿಟ್ಟು ಬಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆಯೇ ಇದು: "ಪ್ರತಿ ಸಲ ಫೋಟೋದಲ್ಲಿ ತುಂಬಿರ್ತಿತ್ತಲ್ಲ?"

ತುಂಬಿತ್ತು. ಹಳೆಯದರ ಮೇಲೆ ಹೊಸದು ಸುರಿದರೆ ಎಲ್ಲ ಡ್ರಮ್ಮೂ ಫೋಟೋದಲ್ಲಿ ತುಂಬಿಯೇ ಕಾಣುತ್ತದೆ. ಮಿಕ್ಕ ಫೀಡರ್‌ಗಳನ್ನು ಇಬ್ಬರೂ ಸೇರಿ ಬಿಚ್ಚಿ ನೋಡಿದೆವು. ಇನ್ನೊಂದರಲ್ಲೂ ತಳ ಕೆಟ್ಟಿತ್ತು. ಕತ್ತಲಾಗುವವರೆಗೆ ಚೀಲ ಹೊರಲು ಅವರೂ ಕೈ ಹಾಕಿದರು. ಕ್ಷಮೆ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನೂ ನನ್ನನ್ನೂ ಹಾಗೆ ಎದುರುಬದುರು ನಿಲ್ಲಿಸಿದವರ ಮೇಲೆ ಇದೆ.

ಆ ದಿನದ ಲೆಕ್ಕದಲ್ಲಿ ಕಂಪನಿ ಬರೆದಿದ್ದು ಸುರಿದ ಚೀಲಗಳನ್ನು ಮಾತ್ರ. ಕೆಟ್ಟ ಕಾಳು ತೆಗೆದು ಹೊತ್ತದ್ದಕ್ಕೆ ಕಾಸಿಲ್ಲ, ರೂಟ್ ಮುಗಿಸಲಿಲ್ಲ ಅಂತ ಮಾತು ಬೇರೆ. ಲೀಸ್ ಕ್ಯಾಪ್ಟನ್ ಖಾರವಾಗಿ ಮೇಲ್ ಬರೆದ ಮೇಲೆ ಆ ದಿನದ ಕೂಲಿ ಪೂರ್ತಿ ಕೊಟ್ಟರು. ಆ್ಯಪ್ ಬದಲಿಸಿ ಅಂದರೆ ನೋಡೋಣ ಅಂದರು. ಸೀಸನ್ ಮುಗಿದ ಮೇಲೆ ನಾನು ಬಿಟ್ಟೆ.

ಈಗ ಸ್ವಂತ ರೂಟ್. ಫೀಡರ್ ಒಂದಕ್ಕೆ, ಭೇಟಿ ಒಂದಕ್ಕೆ ಇಷ್ಟು ಅಂತ ತಗೊಳ್ಳುತ್ತೇನೆ. ಕಾಳಿನ ದುಡ್ಡು ಫೀಡ್ ಸ್ಟೋರಿನ ಬಿಲ್ ಪ್ರಕಾರ ಬೇರೆ, ಅದರಲ್ಲಿ ನನ್ನ ಪಾಲಿಲ್ಲ. ಸುರಿಯುವ ಮುಂಚೆ ಫನಲ್ಲಿನ ಫೋಟೋ, ಸುರಿದ ಮೇಲೆ ಟೆಸ್ಟ್ ತಿರುಗುವ ವಿಡಿಯೋ, ಬ್ಯಾಟರಿ ವೋಲ್ಟೇಜ್ ಕಾಣುವ ಮೀಟರಿನ ಫೋಟೋ, ಮೂರೂ ಅವತ್ತೇ ಹೋಗುತ್ತವೆ. ಟ್ರಕ್ಕಿನ ಎರಡೂ ಬಾಗಿಲ ಮೇಲೆ ದೊಡ್ಡದಾಗಿ ಹೆಸರು ಬರೆಸಿದ್ದೇನೆ. ಲೀಸಿಗೆ ಕಾಲಿಡುವ ಹಿಂದಿನ ರಾತ್ರಿಯೇ ಇಂಥ ಹೊತ್ತಿಗೆ ಇಂಥ ಗೇಟಿನಿಂದ ಬರುತ್ತೇನೆ ಅಂತ ಅಲ್ಲಿನ ಎಲ್ಲರಿಗೂ ಮೆಸೇಜ್ ಕಳಿಸುತ್ತೇನೆ. ಮಳೆ ಹಿಡಿದ ತಿಂಗಳಲ್ಲಿ ಡ್ರಮ್ ಪೂರ್ತಿ ತುಂಬಿಸುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ಒಂದು ಭೇಟಿ ಹೆಚ್ಚು ಮಾಡುತ್ತೇನೆ. ಸೀಸನ್ ಮುಗಿದ ಮೇಲೆ ನಡೆಸದ ಫೀಡರ್‌ಗಳಲ್ಲಿ ಒಂದು ಕಾಳೂ ಬಿಡದೆ ತೆಗೆಯುತ್ತೇನೆ.

ಲೀಸ್ ಹಿಡಿದು ಈ ಕೆಲಸಕ್ಕೆ ಜನ ಇಟ್ಟುಕೊಳ್ಳುವವರು ನಮ್ಮ ಕನ್ನಡದವರಲ್ಲೂ ಈಗ ಒಬ್ಬಿಬ್ಬರಿದ್ದಾರೆ. ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಕೆಟ್ಟ ಕಾಳು ಸಿಕ್ಕರೆ ತೆಗೆದು ಜಮೀನಿನಿಂದ ಹೊರಗೆ ಸಾಗಿಸಬೇಕು, ಅದಕ್ಕೆ ಗಂಟೆಗೆ ಇಷ್ಟು. ಆ ಸಾಲಿನ ಎದುರು ಮೊತ್ತ ಬರೆಯದಿದ್ದರೆ ಯಾರೂ ಡ್ರಮ್ಮಿನ ತಳ ನೋಡುವುದಿಲ್ಲ.