ನನ್ನ ಕೂಲಿ ಯಾವ ಕಾಲಂನಲ್ಲಿ ಬರೆಯಲಿ?

ನಮ್ಮ ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ವಿಭಾಗದ ಬಗ್ಗೆ ಬರೆದುಕೊಡಿ ಎಂದು ಪತ್ರಿಕೆಯ ಸಂಪಾದಕರು ಕೇಳಿದಾಗ ತಕ್ಷಣ ಒಪ್ಪಿಕೊಂಡೆ. ಕಟ್ಟಡ, ವಾರ್ಷಿಕೋತ್ಸವ, ಗೆಳೆಯರ ಗುಂಪು ಇವನ್ನೆಲ್ಲ ಬೇರೆಯವರು ನನಗಿಂತ ಚೆನ್ನಾಗಿ ಬರೆಯುತ್ತಾರೆ. ನಾನು ಬರೆಯಬೇಕೆಂದುಕೊಂಡಿರುವುದು ಅಲ್ಲಿ ಸದಾ ಕಿವಿಗೆ ಬೀಳುತ್ತಿದ್ದ ಒಂದು ಪ್ರಶ್ನೆಯ ಬಗ್ಗೆ. "ಇದರಿಂದ ಯಾರಿಗೆ ಉಪಯೋಗ ಆಯ್ತು? ಆಯ್ತು ಅಂತ ಹೇಗೆ ಹೇಳ್ತೀರಿ?" ಸಂಶೋಧನೆ ಮಾಡುವವರಿಗೂ ಇದೇ ಪ್ರಶ್ನೆ. ಕಿರಿಯರಿಗೆ ಹೇಳಿಕೊಡುವವರಿಗೂ ಇದೇ. ಹೊರಗೆ ಹೋಗಿ ಶಿಬಿರ ನಡೆಸುವವರಿಗೂ ಇದೇ.

ನಮ್ಮ ಮನೆಯಲ್ಲಿ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟವರಲ್ಲಿ ನಾನೇ ಮೊದಲು. ಮೇಷ್ಟ್ರ ಕೋಣೆಗೆ ಹೋಗಿ ಸಂಶಯ ಕೇಳಬಹುದು ಎನ್ನುವುದೇ ಆಗ ಗೊತ್ತಿರಲಿಲ್ಲ. ಕರೆದರೆ ಮಾತ್ರ ಹೋಗಬೇಕು ಎಂದುಕೊಂಡಿದ್ದೆ. ನನ್ನಂಥವರು ತರಗತಿಯಲ್ಲಿ ಬಹಳ ಜನ ಇದ್ದರು. ಎಲ್ಲರಿಗೂ ಹೆದರಿಕೆ ಹುಟ್ಟಿಸುತ್ತಿದ್ದ ಪೇಪರ್‌ಗಳು ಎರಡು: ಒಂದು ಮಾಲು ತಯಾರಿಸಲು ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕುವ ಕಾಸ್ಟ್ ಅಕೌಂಟಿಂಗ್ ಮತ್ತು ಸ್ಟಾಟಿಸ್ಟಿಕ್ಸ್.

ಈ ಎರಡೂ ಪೇಪರ್‌ಗಳಿಗೆ ವಿಭಾಗದಲ್ಲಿ ಸಂಜೆಯ ಗುಂಪುಗಳಿದ್ದವು. ಅದರ ಹಿಂದಿನ ಯೋಚನೆ ನನಗೆ ಈಗಲೂ ಬಹಳ ಇಷ್ಟ. 1973ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ ಡಿಯಾನಾ ಮಾರ್ಟಿನ್ ಎಂಬುವರು 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' ಎಂಬ ಪದ್ಧತಿ ಶುರು ಮಾಡಿದರು. ಕಷ್ಟಪಡುತ್ತಿರುವ ಹುಡುಗ ಹುಡುಗಿಯರನ್ನು ಗುರುತಿಸಿ ಬೇರೆ ಕೂರಿಸುವುದು ಅಲ್ಲಿಲ್ಲ. ಹೆಚ್ಚು ಜನ ಫೇಲಾಗುವ ಪೇಪರ್ ಯಾವುದು ಎಂದು ನೋಡಿ, ಆ ಪೇಪರ್‌ಗೇ ಸಹಾಯ ಕಟ್ಟುತ್ತಾರೆ. ಬರುವವರಿಗೆ 'ದಡ್ಡರ ಕ್ಲಾಸ್' ಎಂಬ ಹಣೆಪಟ್ಟಿ ಇರುವುದಿಲ್ಲ. ರ‍್ಯಾಂಕ್ ಬರುವವರೂ ಬರುತ್ತಾರೆ, ಪಾಸಾದರೆ ಸಾಕು ಎನ್ನುವವರೂ ಬರುತ್ತಾರೆ.

ನಡೆಸುತ್ತಿದ್ದದ್ದು ಸೀನಿಯರ್‌ಗಳು. ಹಿಂದಿನ ವರ್ಷ ಅದೇ ಪೇಪರ್ ಚೆನ್ನಾಗಿ ಮಾಡಿದವರು ಮತ್ತೆ ತರಗತಿಗೆ ಬಂದು, ನಮ್ಮ ಜೊತೆ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರು. ಸಂಜೆ ಅವರು ಪಾಠ ಮಾಡುವಂತಿರಲಿಲ್ಲ. ಅದು ಕಟ್ಟುನಿಟ್ಟಾದ ನಿಯಮ. ನಾವೇ ಬೋರ್ಡ್ ಹತ್ತಿರ ಹೋಗಿ ಬರೆಯಬೇಕು, ಪಕ್ಕದವರಿಗೆ ವಿವರಿಸಬೇಕು. ಎಲ್ಲಿ ಸಿಕ್ಕಿಕೊಂಡೆವೋ ಅಲ್ಲಿ ಸೀನಿಯರ್ ಒಂದು ಪ್ರಶ್ನೆ ಕೇಳುತ್ತಿದ್ದರು, ಅಷ್ಟೇ. ಉತ್ತರ ಹೇಳಿಬಿಡಿ ಅಕ್ಕಾ ಎಂದು ಎಷ್ಟು ಗೋಗರೆದರೂ ಹೇಳುತ್ತಿರಲಿಲ್ಲ. ಓವರ್‌ಹೆಡ್‌ಗಳನ್ನು, ಅಂದರೆ ಬಾಡಿಗೆಯಂಥ ಎಲ್ಲ ಮಾಲಿಗೂ ಸೇರಿದ ಖರ್ಚುಗಳನ್ನು, ಯಾವ ಆಧಾರದ ಮೇಲೆ ಹಂಚಬೇಕು ಎನ್ನುವುದು ನನಗೆ ಅರ್ಥವಾದದ್ದು ಆ ಬೋರ್ಡಿನ ಮುಂದೆ, ನನ್ನ ಬಾಯಿಂದಲೇ.

ಮುಂದೆ ನಾನೂ ಅಂಥದ್ದೊಂದು ಗುಂಪು ನಡೆಸಿದೆ. ಸೆಮಿಸ್ಟರ್ ಮುಗಿದ ಮೇಲೆ ಹಾಜರಿ ಮತ್ತು ಅಂಕಗಳನ್ನು ನಮ್ಮ ವಿಭಾಗದ ಮೇಡಂ ಮುಂದಿಟ್ಟೆ. ಗುಂಪಿಗೆ ಬಂದವರ ಅಂಕ ಜಾಸ್ತಿ ಇತ್ತು. ಮೇಡಂ ನಕ್ಕರು. "ಸಂತೋಷ. ಆದರೆ ಬಂದವರು ಮೊದಲೇ ಆಸಕ್ತಿ ಇದ್ದವರಾಗಿದ್ದರೆ?" ಎಂದರು. ತಾವೇ ಇಷ್ಟಪಟ್ಟು ಬಂದವರನ್ನೂ ಬರದೇ ಇದ್ದವರನ್ನೂ ಹೋಲಿಸಿದರೆ ಸಿಗುವ ಉತ್ತರ ಎಷ್ಟು ಗಟ್ಟಿ ಎಂಬ ಪಾಠ ನನಗೆ ಆಗಿದ್ದು ಹಾಗೆ. ಹಿಂದಿನ ಪರೀಕ್ಷೆಯ ಅಂಕಗಳನ್ನೂ ಸೇರಿಸಿ ಇಬ್ಬರೂ ಮತ್ತೆ ಲೆಕ್ಕ ಹಾಕಿದೆವು. ವ್ಯತ್ಯಾಸ ಕಡಿಮೆಯಾಯಿತು, ಆದರೆ ಪೂರ್ತಿ ಅಳಿಸಿಹೋಗಲಿಲ್ಲ. ಆ ಸಂಜೆಯ ಸಂತೋಷ ಇವತ್ತಿಗೂ ಹಾಗೇ ಇದೆ.

ಸಂಶೋಧನಾ ವಿದ್ಯಾರ್ಥಿಗಳ ಸೆಮಿನಾರಿಗೆ ಎಂಎ, ಎಂಕಾಂ ಹುಡುಗರೂ ಕೂರಬಹುದಿತ್ತು. ಅಲ್ಲಿ ಒಂದು ಕಥೆಯನ್ನು ಪದೇ ಪದೇ ಹೇಳುತ್ತಿದ್ದರು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆ ಮಾಡಿಕೊಂಡು ಬರೆದ ಪ್ರಬಂಧವನ್ನು ಮೂರು ಜರ್ನಲ್‌ಗಳು, ಅಂದರೆ ಸಂಶೋಧನಾ ಪತ್ರಿಕೆಗಳು, ತಿರಸ್ಕರಿಸಿದ್ದವು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಮಾಲು ಮಾರುಕಟ್ಟೆಯಿಂದಲೇ ಹೊರಗೆ ಹೋಗುತ್ತದೆ ಎನ್ನುವುದು ಅದರ ತಿರುಳು. 1970ರಲ್ಲಿ ಅದು ಅಚ್ಚಾಯಿತು. 2001ರಲ್ಲಿ ಅವರಿಗೆ, ಮೈಕಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಜೊತೆ, ಅರ್ಥಶಾಸ್ತ್ರದ ನೊಬೆಲ್ ಬಂತು. ಪ್ರಬಂಧ ವಾಪಸ್ ಬಂದು ಮುಖ ಸಣ್ಣದು ಮಾಡಿಕೊಂಡವರಿಗೆ ಈ ಕಥೆ ಧೈರ್ಯ ಕೊಡುತ್ತಿತ್ತು.

ಅದರ ಪಕ್ಕದಲ್ಲೇ ಎಚ್ಚರಿಕೆಯ ಮಾತೂ ಬರುತ್ತಿತ್ತು. ದೊಡ್ಡ ಜರ್ನಲ್‌ನಲ್ಲಿ ಬಂದಿದ್ದೆಲ್ಲ ನಿಜ ಎಂದುಕೊಳ್ಳಬೇಡಿ ಎನ್ನುತ್ತಿದ್ದರು. ಅರ್ಥಶಾಸ್ತ್ರದ ಎರಡು ಹೆಸರಾಂತ ಜರ್ನಲ್‌ಗಳಲ್ಲಿ ಬಂದಿದ್ದ 18 ಪ್ರಯೋಗಗಳನ್ನು ಕಾಲಿನ್ ಕ್ಯಾಮರರ್ ಮತ್ತು ಜೊತೆಗಾರರು ಮತ್ತೆ ಮಾಡಿ ನೋಡಿದರು. 2016ರಲ್ಲಿ ಅದರ ವರದಿ ಬಂತು. 11 ಪ್ರಯೋಗಗಳಲ್ಲಿ ಮಾತ್ರ ಮೊದಲಿನ ಫಲಿತಾಂಶ ಸ್ಪಷ್ಟವಾಗಿ ಮತ್ತೆ ಸಿಕ್ಕಿತು. ಹಾಗಾಗಿ ನಮ್ಮಲ್ಲಿ ಯಾರೇ ಸರ್ವೆ ಮಾಡಲಿ, ಪ್ರಶ್ನಾವಳಿ, ಡೇಟಾ, ಲೆಕ್ಕ ಮಾಡಿದ ರೀತಿ ಮೂರನ್ನೂ ಬೇರೆಯವರು ತೆರೆದು ನೋಡುವ ಹಾಗೆ ಇಡಬೇಕಿತ್ತು. ಏನು ಹುಡುಕುತ್ತಿದ್ದೇವೆ ಎನ್ನುವುದನ್ನು ಡೇಟಾ ಕೈಗೆ ಬರುವ ಮೊದಲೇ ಬರೆದಿಡಬೇಕಿತ್ತು. ಆಗ ಅದು ಬಹಳ ಹೆಚ್ಚಿನ ಕೆಲಸ ಅನ್ನಿಸುತ್ತಿತ್ತು. ಈಗ ಆಡಿಟ್ ಕೆಲಸ ಮಾಡುವಾಗ ಆ ಅಭ್ಯಾಸವೇ ನನ್ನ ಕೈ ಹಿಡಿದಿದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ಸಣ್ಣ ವ್ಯಾಪಾರಿಗಳಿಗೆ ನಡೆಸುತ್ತಿದ್ದ ಲೆಕ್ಕದ ಶಿಬಿರ. ಒಬ್ಬರೇ ದುಡಿಯುವವರು, ಗಂಡ ಹೆಂಡತಿ ಸೇರಿ ನಡೆಸುವವರು, ಮನೆಯಲ್ಲೇ ಕೂತು ಕೆಲಸ ಮಾಡುವ ಹೆಂಗಸರು ಬರುತ್ತಿದ್ದರು. ಶುಲ್ಕ ಇರಲಿಲ್ಲ. ಮೊದಮೊದಲು ಅಲ್ಲಿ ನಮ್ಮ ಪಠ್ಯಪುಸ್ತಕವನ್ನೇ ಚಿಕ್ಕದು ಮಾಡಿ ಹೇಳಿಕೊಡುತ್ತಿದ್ದರಂತೆ. ದಿನದ ವ್ಯವಹಾರ ಬರೆಯುವ ಜರ್ನಲ್, ಖಾತೆವಾರು ಲೆಡ್ಜರ್, ಲೆಕ್ಕ ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್. ಜನ ಆಸೆಯಿಂದ ಬಂದು, ಮುಂದಿನ ವಾರ ಬರುತ್ತಿರಲಿಲ್ಲವಂತೆ.

ಅದನ್ನು ಬದಲಾಯಿಸಿದ್ದು ಒಂದು ಸಂಶೋಧನೆ. ಅಲೆಹಾಂಡ್ರೊ ಡ್ರೆಕ್ಸ್‌ಲರ್, ಗ್ರೆಗ್ ಫಿಷರ್ ಮತ್ತು ಆಂಟೊನೆಟ್ ಶೋರ್ ಡೊಮಿನಿಕನ್ ರಿಪಬ್ಲಿಕ್‌ನ ಸಣ್ಣ ಉದ್ಯಮಿಗಳ ನಡುವೆ ಮಾಡಿದ ಕೆಲಸ ಅದು. 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕ್ರಮಬದ್ಧವಾದ ಅಕೌಂಟಿಂಗ್ ಪಾಠ. ಇನ್ನೊಂದು ಗುಂಪಿಗೆ ಕೆಲವೇ ಸರಳ ಕಟ್ಟಳೆಗಳು: ವ್ಯಾಪಾರದ ದುಡ್ಡು ಒಂದು ಡ್ರಾಯರ್‌ನಲ್ಲಿ, ಮನೆಯ ದುಡ್ಡು ಇನ್ನೊಂದರಲ್ಲಿ. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಚೀಟಿ ಬರೆದಿಡಬೇಕು. ಪೂರ್ತಿ ಪಾಠ ಕೇಳಿದವರಲ್ಲಿ ಗಮನಿಸುವಂಥ ಬದಲಾವಣೆ ಕಾಣಲಿಲ್ಲ. ಸರಳ ಕಟ್ಟಳೆ ಕಲಿತವರು ಲೆಕ್ಕ ಇಡುವ ರೀತಿ ಸುಧಾರಿಸಿತು. ನಮ್ಮ ಮೇಷ್ಟ್ರುಗಳು ಇದನ್ನು ಓದಿ ಸುಮ್ಮನೆ ಇರಲಿಲ್ಲ. ಶಿಬಿರದ ಪುಸ್ತಿಕೆಯನ್ನು ಪೂರ್ತಿ ಬದಿಗಿಟ್ಟು ಹೊಸದು ಬರೆದರು. ಬಹಳ ವರ್ಷಗಳಿಂದ ತಾವೇ ಹೇಳಿಕೊಟ್ಟದ್ದನ್ನು ಹಾಗೆ ಕೈಬಿಡುವುದು ಸುಲಭ ಅಲ್ಲ, ಅಲ್ವಾ? ಅವರ ಮೇಲಿನ ಗೌರವ ನನಗೆ ದುಪ್ಪಟ್ಟಾಗಿದ್ದು ಈ ಕಥೆ ಕೇಳಿದ ಮೇಲೆ.

ನಾನು ಹೋಗುವ ಹೊತ್ತಿಗೆ ಎರಡು ಪೆಟ್ಟಿಗೆಯ ಪಾಠವೇ ಶಿಬಿರದ ಮೊದಲ ಪಾಠವಾಗಿತ್ತು. ಆಮೇಲೆ ಉದ್ರಿ ಬರೆಯುವ ಪುಸ್ತಕ, ಯಾರಿಂದ ಎಷ್ಟು ಬಾಕಿ ಬರಬೇಕು ಎಂಬ ಪಟ್ಟಿ. ಅಷ್ಟು ಮಾತ್ರ. ಒಂದು ಸಲ ಹೊಲಿಗೆ ಕೆಲಸ ಮಾಡುವ ಒಬ್ಬರು ಪುಸ್ತಕ ಮುಂದಿಟ್ಟುಕೊಂಡು ಕೇಳಿದರು: "ಬಟ್ಟೆ, ದಾರ, ಕರೆಂಟು ಎಲ್ಲಾ ಬರೆದೆ ಕಣಮ್ಮಾ. ನನ್ನ ಕೂಲಿ ಯಾವ ಕಾಲಂನಲ್ಲಿ ಬರೆಯಲಿ?"

ನಮ್ಮ ಅಕೌಂಟ್ಸ್ ಪ್ರಕಾರ ಅದಕ್ಕೆ ಕಾಲಂ ಇಲ್ಲ. ಒಬ್ಬರೇ ಮಾಲೀಕರಾಗಿರುವ ವ್ಯಾಪಾರದಲ್ಲಿ ಮಾಲೀಕರು ತೆಗೆದುಕೊಂಡ ದುಡ್ಡು ಖರ್ಚಲ್ಲ. ಅದು ಡ್ರಾಯಿಂಗ್ಸ್. ಬಂಡವಾಳದಿಂದ ಕಳೆಯುತ್ತೇವೆ. ಹಾಗೆ ಬರೆದರೆ ಅವರ ವ್ಯಾಪಾರ ಲಾಭದಲ್ಲಿದೆ ಎಂದು ಕಾಣುತ್ತದೆ. ಆದರೆ ಅದೇ ಸಮಯವನ್ನು ಬೇರೆಯವರ ಹತ್ತಿರ ದುಡಿದಿದ್ದರೆ ಎಷ್ಟು ಸಿಗುತ್ತಿತ್ತೋ ಅದನ್ನು ಕಳೆದು ನೋಡಿದರೆ ಲಾಭ ಉಳಿಯುತ್ತದಾ? ಕಾಸ್ಟಿಂಗ್‌ನಲ್ಲಿ ಇದಕ್ಕೆ ದಾರಿ ಇದೆ. ಮಾಲೀಕರ ದುಡಿಮೆಗೆ ಒಂದು ಅಂದಾಜು ಸಂಬಳ ಹಾಕಿ, ಅದನ್ನೂ ಸೇರಿಸಿ ದರ ಕಟ್ಟಬಹುದು. ನಾನು ಅದನ್ನು ಪರೀಕ್ಷೆಗೆ ಓದಿದ್ದೆ. ಅದು ಒಬ್ಬರ ಬದುಕಿನ ಪ್ರಶ್ನೆ ಎಂದು ತಿಳಿದದ್ದು ಅಂದು.

ಆ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ನಾವು ಅದನ್ನು ಸೆಮಿನಾರಿಗೆ ತಂದೆವು. ನಮ್ಮ ಜೊತೆಯವರೊಬ್ಬರು ಅದರ ಮೇಲೇ ಡಿಸರ್ಟೇಶನ್ ಮಾಡಿದರು. ಸಂಜೆಯ ಕಾಸ್ಟಿಂಗ್ ಗುಂಪಿನಲ್ಲಿ ಅದು ಅಭ್ಯಾಸದ ಲೆಕ್ಕವಾಯಿತು. ಶಿಬಿರದ ಪುಸ್ತಕದಲ್ಲಿ 'ನನ್ನ ದುಡಿಮೆ' ಎಂಬ ಹೊಸ ಕಾಲಂ ಬಂತು. ಶಿಬಿರಕ್ಕೆ ಬಂದವರ ಲೆಕ್ಕದ ಪುಸ್ತಕ ಅಧ್ಯಯನಕ್ಕೆ ಬಳಸಲು ಮೊದಲೇ ಒಪ್ಪಿಗೆ ಕೇಳಿದ್ದೆವು, ಹೆಸರು ತೆಗೆದಿದ್ದೆವು. ಕೆಲಸ ಮುಗಿದ ಮೇಲೆ ಏನು ಸಿಕ್ಕಿತು ಎಂದು ಅವರಿಗೇ ಮೊದಲು ಹೋಗಿ ಹೇಳಬೇಕು ಎಂದು ಮೇಡಂ ಹಠ ಹಿಡಿದರು. ಹೋಗಿ ಹೇಳಿದೆವು.

ಹೀಗೆ ಪುಸ್ತಕದವರು ವ್ಯಾಪಾರಿಗಳಿಂದ ಕಲಿಯುವುದು ಹೊಸದೇನೂ ಅಲ್ಲ. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಡಬಲ್ ಎಂಟ್ರಿ ಪದ್ಧತಿಯನ್ನು ವಿವರಿಸಿದರು. ಕಂಡುಹಿಡಿದದ್ದು ಅವರಲ್ಲ. ವ್ಯಾಪಾರಿಗಳು ಅದಕ್ಕೂ ಬಹಳ ಮೊದಲೇ ಹಾಗೆ ಲೆಕ್ಕ ಇಡುತ್ತಿದ್ದರು. ಪಾಚೋಲಿ ಅದನ್ನು ಬರೆದಿಟ್ಟರು. ನಾವು ಕಲಿಯುವ ಮೊದಲ ಪಾಠದ ಮೂಲವೇ ಅಂಗಡಿಯಲ್ಲಿದೆ.

ವಿಭಾಗದ ಎಲ್ಲರಿಗೂ ಪ್ರೀತಿಯ ಉದಾಹರಣೆ ಮುಹಮ್ಮದ್ ಯೂನುಸ್ ಅವರದು. ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಅವರು 1976ರಲ್ಲಿ ಪಕ್ಕದ ಜೋಬ್ರಾ ಹಳ್ಳಿಯ 42 ಜನರಿಗೆ ಒಟ್ಟು 27 ಡಾಲರ್‌ನಷ್ಟು ಸಾಲ ಕೊಟ್ಟರು. ಗ್ರಾಮೀಣ್ ಬ್ಯಾಂಕ್ ಹುಟ್ಟಿದ್ದು ಅದರಿಂದ. 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇದನ್ನು ಹೇಳುವಾಗ ನಮ್ಮ ಸರ್ ಕಣ್ಣು ಹೊಳೆಯುತ್ತಿತ್ತು. ಅವರೇ ಮುಂದಿನ ತರಗತಿಗೆ 2015ರ ಇನ್ನೊಂದು ಪ್ರಬಂಧ ತಂದರು. ಅಭಿಜಿತ್ ಬ್ಯಾನರ್ಜಿ, ಡೀನ್ ಕಾರ್ಲನ್, ಜೊನಾಥನ್ ಜಿನ್‌ಮನ್ ಅವರು ಆರು ದೇಶಗಳ ಆರು ಅಧ್ಯಯನಗಳನ್ನು ಒಟ್ಟಿಗೆ ನೋಡಿ ಬರೆದದ್ದು. ಕಿರುಸಾಲದಿಂದ ಸ್ವಲ್ಪ ಅನುಕೂಲ ಇದೆ, ಆದರೆ ಬದುಕೇ ಬದಲಾಗುವಂಥ ಪರಿಣಾಮ ಕಾಣುವುದಿಲ್ಲ ಎಂದು ಅವರಿಗೆ ಕಂಡಿತ್ತು. ತಮಗೆ ಅಷ್ಟು ಇಷ್ಟವಾದ ಕೆಲಸದ ಮುಂದೆಯೂ ಸರ್ ಅದೇ ಪ್ರಶ್ನೆ ಇಟ್ಟರು. ನಾನು ಅವರಿಂದ ಕಲಿತದ್ದರಲ್ಲಿ ಇದೇ ದೊಡ್ಡದು.

ಒಂದು ಬೇಸರವನ್ನೂ ಹೇಳಲೇಬೇಕು. ಶಿಬಿರಕ್ಕೆ, ಸಂಜೆಯ ಗುಂಪಿಗೆ ಕೊಟ್ಟ ಸಮಯ ಬಡ್ತಿಯ ಅರ್ಜಿಯಲ್ಲಿ ಎಲ್ಲೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಎಷ್ಟು ಸಂಶೋಧನಾ ಪ್ರಬಂಧ, ಯಾವ ಜರ್ನಲ್, ಇಷ್ಟೇ. ಇದು ಎಲ್ಲ ಕಡೆ ಇರುವ ಮಾತು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಳತೆ) ನೋಡಿ ಸಂಶೋಧಕರನ್ನು ಅಳೆಯಬೇಡಿ ಎಂದು 2013ರಲ್ಲೇ ಸಂಶೋಧನೆಯನ್ನು ಅಳೆಯುವ ರೀತಿಯ ಬಗೆಗಿನ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಕೇಳಿಕೊಂಡಿತ್ತು. ಬಿಸಿನೆಸ್ ಸ್ಕೂಲ್‌ಗಳಿಗೆ ಮಾನ್ಯತೆ ಕೊಡುವ, 1916ರಲ್ಲಿ ಹುಟ್ಟಿದ ಎಎಸಿಎಸ್‌ಬಿ ಸಂಸ್ಥೆ ತನ್ನ 2020ರ ಮಾನದಂಡಗಳಲ್ಲಿ ಸಮಾಜದ ಮೇಲಿನ ಪರಿಣಾಮಕ್ಕೂ ಜಾಗ ಕೊಟ್ಟಿತು. ಒಳ್ಳೆಯದಾಯಿತು. ಆದರೆ ಒಬ್ಬೊಬ್ಬ ಮೇಷ್ಟ್ರ ದುಡಿಮೆಯನ್ನು ಬರೆಯುವ ಕಾಲಂ ಇನ್ನೂ ಬೇಕು. ನಮ್ಮ ಮೇಡಂ ಆ ಕಾಲಂಗೆ ಕಾಯದೆ ಕೆಲಸ ಮಾಡಿದರು. ಮುಂದೆ ಬರುವವರು ಹಾಗೆ ಮಾಡಬೇಕಾಗಿ ಬರಬಾರದು.

ಈಗ ವಿಭಾಗದವರು ಹಳೆಯ ಶಿಬಿರಗಳಿಗೆ ಬಂದಿದ್ದವರನ್ನು ಮತ್ತೆ ಭೇಟಿಯಾಗುವ ಕೆಲಸ ಹಿಡಿದಿದ್ದಾರೆ. ಎರಡು ಪೆಟ್ಟಿಗೆ ಇನ್ನೂ ಇಟ್ಟಿದ್ದಾರಾ, 'ನನ್ನ ದುಡಿಮೆ' ಕಾಲಂ ತುಂಬುತ್ತಿದ್ದಾರಾ, ಬಿಟ್ಟಿದ್ದರೆ ಯಾಕೆ ಬಿಟ್ಟರು ಎಂದು ಕೇಳಬೇಕು. ಬಿಟ್ಟವರ ಮಾತು ಇನ್ನೂ ಮುಖ್ಯ. ಇದಕ್ಕೆ ಓಡಾಡುವ ಜನ ಬೇಕು, ಆ ಶಿಬಿರಗಳಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿಗಳಾದರೆ ಮುಖ ಪರಿಚಯವೂ ಇರುತ್ತದೆ. ನಾನು ಹೆಸರು ಕೊಟ್ಟಿದ್ದೇನೆ. ನಮ್ಮ ಬ್ಯಾಚಿನವರು, ಆಚೀಚಿನ ಬ್ಯಾಚಿನವರು ಈ ಬರಹ ಓದುತ್ತಿದ್ದರೆ ವಿಭಾಗದ ಕಚೇರಿಗೆ ಒಂದು ಮಾತು ತಿಳಿಸಿ. ಹಳೆಯ ಹಾಜರಿ ಪುಸ್ತಕಗಳು ಯಾರ ಹತ್ತಿರವಾದರೂ ಉಳಿದಿದ್ದರೆ ಅವನ್ನೂ ತನ್ನಿ.