ಲಾಟೀನು ಹಚ್ಚಿದಾಗ ನಿಂತುಹೋದ ಮಳೆ

ಚಿತ್ರ, ಸಂಭಾಷಣೆ, ಸಂಗೀತಗಳನ್ನು ಜೋಡಿಸಿ ಕಂಪ್ಯೂಟರಿನ ಮೇಲೆ ಕಥೆ ಹೇಳಲು ನಾನು ಬಳಸುವುದು ರೆನ್‌ಪೈ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಆಧರಿಸಿದ, 2004ರಿಂದ ಬಳಕೆಯಲ್ಲಿರುವ ಈ ಸಲಕರಣೆಯ ಸ್ಕ್ರಿಪ್ಟ್‌ನಲ್ಲಿ ‘ಶೋ’ ಎಂದು ಬರೆದು ಮುಂದೆ ಚಿತ್ರದ ಹೆಸರು ಕೊಟ್ಟರೆ ಸಾಕು, ಚಿತ್ರ ತೆರೆಯ ಮೇಲೆ ಬರುತ್ತದೆ. ಆ ಹೆಸರಿಗೆ ಎಷ್ಟು ಅಧಿಕಾರವಿದೆ ಎಂಬುದು ನನಗೆ ಮನದಟ್ಟಾದದ್ದು ಮಳೆಯ ದೃಶ್ಯವೊಂದನ್ನು ಕಟ್ಟುತ್ತಿದ್ದ ದಿನ.

ಕತ್ತಲಾದ ಅಂಗಳ, ಸುರಿಯುವ ಮಳೆ, ಬಾಗಿಲ ಬಳಿ ನಿಂತ ಹುಡುಗಿ. ಆಕೆ ಲಾಟೀನು ಹಚ್ಚಿದೊಡನೆ ಹಳದಿ ಬೆಳಕು ಹರಡಬೇಕಿತ್ತು. ಬೆಳಕೇನೋ ಹರಡಿತು, ಆದರೆ ಅದೇ ಕ್ಷಣದಲ್ಲಿ ಮಳೆ ನಿಂತುಹೋಯಿತು. ಬೆಳಕಿನ ಚಿತ್ರವು ಮಳೆಯನ್ನು ಮುಚ್ಚಿರಬೇಕೆಂದು ಭಾವಿಸಿ, ಒಂದೇ ಲೇಯರ್‌ನೊಳಗೆ, ಅಂದರೆ ತೆರೆಯ ಒಂದೇ ಪದರದೊಳಗೆ, ಯಾವುದು ಮುಂದೆ ಯಾವುದು ಹಿಂದೆ ಎಂದು ನಿರ್ಧರಿಸುವ ಝಡ್‌ಆರ್ಡರ್ ಅನ್ನು ಮಳೆಗೆ ಮೊದಲು 10, ಆಮೇಲೆ 100 ಎಂದು ಕೊಟ್ಟು ನೋಡಿದೆ. ಅರ್ಧ ದಿನ ಹೀಗೆಯೇ ಕಳೆಯಿತು, ಮಳೆ ಮರಳಲಿಲ್ಲ.

ಕೊನೆಗೆ, ಆದೇಶ ಬರೆದು ಉತ್ತರ ಪಡೆಯುವ ಕನ್ಸೋಲ್ ತೆರೆದು, ಚಿತ್ರಗಳು ಸಾಮಾನ್ಯವಾಗಿ ಬಂದು ನಿಲ್ಲುವ ಮಾಸ್ಟರ್ ಲೇಯರ್‌ನಲ್ಲಿ ಆ ಕ್ಷಣದಲ್ಲಿ ಯಾವ ಯಾವ ಟ್ಯಾಗ್‌ಗಳಿವೆ, ಅಂದರೆ ಚಿತ್ರಗಳ ಯಾವ ಯಾವ ಗುರುತುಗಳಿವೆ, ಎಂದು ಕೇಳಿದೆ. ಹಿನ್ನೆಲೆಯದೊಂದು, ಹುಡುಗಿಯದೊಂದು, ‘ಎಫೆಕ್ಟ್’ ಎಂಬುದೊಂದು: ಮೂರೇ ಬಂದವು. ನಾಲ್ಕಿರಬೇಕಾಗಿತ್ತು. ಮಳೆ ಬೆಳಕಿನ ಹಿಂದೆ ಅಡಗಿರಲಿಲ್ಲ, ತೆರೆಯ ಮೇಲೆ ಇರಲೇ ಇಲ್ಲ.

ಕಾರಣ ನಾನಿಟ್ಟ ಹೆಸರುಗಳಲ್ಲಿತ್ತು. ಕಡತಗಳು ಒಂದೆಡೆ ಸಾಲಾಗಿ ಕಾಣಲೆಂದು ಮಳೆಗೆ ‘ಎಫೆಕ್ಟ್ ರೈನ್’ ಎಂದೂ ಬೆಳಕಿಗೆ ‘ಎಫೆಕ್ಟ್ ಲೈಟ್’ ಎಂದೂ ಹೆಸರಿಟ್ಟಿದ್ದೆ. ರೆನ್‌ಪೈ ಮಾತ್ರ ಹೆಸರಿನ ಮೊದಲ ಪದವನ್ನು ಟ್ಯಾಗ್ ಎಂದೂ ಉಳಿದ ಪದಗಳನ್ನು ಅದರ ಲಕ್ಷಣಗಳೆಂದೂ ಓದುತ್ತದೆ. ಒಂದು ಲೇಯರ್‌ನಲ್ಲಿ ಒಂದು ಟ್ಯಾಗ್‌ಗೆ ಒಂದೇ ಚಿತ್ರವಿರಲು ಸಾಧ್ಯವಾದ್ದರಿಂದ ಹೊಸದು ಬಂದೊಡನೆ ಹಳೆಯದು ಜಾಗ ಬಿಡುತ್ತದೆ. ನಗುತ್ತಿದ್ದ ಪಾತ್ರ ಅಳುವಾಗ ಹಳೆಯ ಮುಖವನ್ನು ನಾವೇ ತೆಗೆಯಬೇಕಿಲ್ಲದಿರುವುದು ಈ ನಿಯಮದಿಂದಲೇ, ಮತ್ತು ಈ ಭಾಷೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸೌಕರ್ಯವೂ ಅದೇ. ನನ್ನ ಮಳೆ ಮತ್ತು ಬೆಳಕನ್ನು ರೆನ್‌ಪೈ ಒಂದೇ ಪಾತ್ರದ ಎರಡು ಮುಖಭಾವಗಳೆಂದು ತಿಳಿದಿತ್ತು. ‘ಆ್ಯಸ್’ ಎಂದು ಸೇರಿಸಿ ತಾತ್ಕಾಲಿಕವಾಗಿ ಬೇರೆ ಟ್ಯಾಗ್ ಕೊಡಬಹುದಿತ್ತು. ಆದರೆ ಅದು ಒಂದೇ ಚಿತ್ರವನ್ನು ಎರಡು ಕಡೆ ನಿಲ್ಲಿಸಲು, ಉದಾಹರಣೆಗೆ ಇಬ್ಬರು ಕಾವಲುಗಾರರನ್ನು ತೋರಿಸಲು, ಒಪ್ಪುವ ಉಪಾಯ. ನಾನು ಹೆಸರುಗಳನ್ನೇ ‘ರೈನ್’, ‘ಲೈಟ್’ ಎಂದು ಬದಲಿಸಿದೆ. ಮಳೆ ಬೆಳಕಿನಲ್ಲಿ ಸುರಿಯತೊಡಗಿತು.

ಅಂಗಳದಿಂದ ಬೀದಿಗೆ ಹೋದಾಗ ಮಳೆ ಮತ್ತೆ ಕಾಣೆಯಾಯಿತು. ಹಿನ್ನೆಲೆ ಬದಲಿಸುವ ‘ಸೀನ್’ ಆದೇಶವು ಮಾಸ್ಟರ್ ಲೇಯರ್‌ನಲ್ಲಿರುವುದನ್ನೆಲ್ಲ ಗುಡಿಸಿಹಾಕುತ್ತದೆ. ಹೀಗಾಗಿ, ಹಿಂದಿನಿಂದ ಮುಂದಕ್ಕೆ ಮಾಸ್ಟರ್, ಟ್ರಾನ್ಸಿಯಂಟ್, ಸ್ಕ್ರೀನ್ಸ್, ಓವರ್‌ಲೇ ಎಂಬ ಲೇಯರ್‌ಗಳ ಪಟ್ಟಿಯಲ್ಲಿ ಮಾಸ್ಟರ್ ಆದ ಕೂಡಲೇ ‘ವೆದರ್’ ಎಂಬ ನನ್ನದೇ ಲೇಯರ್ ಸೇರಿಸಿದೆ. ಸ್ಥಾನವನ್ನು ಯೋಚಿಸಿಯೇ ಆರಿಸಬೇಕು: ಸ್ಕ್ರೀನ್ಸ್‌ನ ನಂತರ ಇಟ್ಟರೆ ಸಂಭಾಷಣೆಯ ಅಕ್ಷರಗಳ ಮೇಲೂ ಹನಿ ಬೀಳುತ್ತದೆ. ಪ್ರತಿ ಸಾಲಿನಲ್ಲೂ ಲೇಯರ್ ಯಾವುದೆಂದು ಸೂಚಿಸುವ ‘ಆನ್‌ಲೇಯರ್’ ಬರೆಯುವುದು ಮರೆತುಹೋಗದಿರಲೆಂದು, ರೈನ್ ಟ್ಯಾಗ್ ಸದಾ ವೆದರ್‌ಗೇ ಸೇರಬೇಕೆಂದು ಟ್ಯಾಗ್‌ಲೇಯರ್ ಎಂಬ ಸಂರಚನೆಯಲ್ಲಿ ಒಮ್ಮೆಗೇ ನಮೂದಿಸಿದೆ.

ಈಗ ಬೀದಿಯುದ್ದಕ್ಕೂ ಮಳೆ ಸುರಿಯಿತು. ಹುಡುಗಿ ಮನೆಯೊಳಗೆ ಬಂದ ಮೇಲೂ ಸುರಿಯಿತು! ಆ ಲೇಯರ್ ಅನ್ನು ಇನ್ನಾರೂ ಗುಡಿಸುವುದಿಲ್ಲವಾದ್ದರಿಂದ ಒಳಗಿನ ದೃಶ್ಯದ ಆರಂಭದಲ್ಲಿ ‘ಹೈಡ್ ರೈನ್’ ಎಂದು ನಾನೇ ಬರೆದೆ. ಆಮೇಲೆ ಕಿಟಕಿಯ ಚೌಕಟ್ಟಿನಷ್ಟೇ ಅಗಲದ ಇನ್ನೊಂದು ಮಳೆಯನ್ನು ಮಾಡಿ, ಅದಕ್ಕೆ ‘ವಿಂಡೋರೈನ್’ ಎಂದು ಒಂದೇ ಪದದ ಹೆಸರಿಟ್ಟು, ಮಾಸ್ಟರ್ ಲೇಯರ್‌ನಲ್ಲಿಯೇ ಹುಡುಗಿಯ ಹಿಂದೆ ನಿಲ್ಲಿಸಿದೆ.